ಪದಚರ್ಚೆ: ‘ಬಯೋಮಾರ್ಕರ್’ಗೆ ಕನ್ನಡ – ಗರ್ಭಕೋಶದ ಒಳಪದರದ ಕ್ಯಾನ್ಸರ್ ಕುರಿತ ಮಾಹಿತಿ ಪತ್ರಕ್ಕೆ, ನಾಳೆಯೊಳಗೆ

ಬೆಂಗಳೂರಿನಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಬೇಕು. ಎರಡು ಪುಟದ ಮಾಹಿತಿ ಪತ್ರ, ಅದರ ಜೊತೆಗೊಂದು ಒಪ್ಪಿಗೆ ಪತ್ರ ನಾಳೆ ಸಂಜೆ ನಾಲ್ಕಕ್ಕೆ ಅಚ್ಚಿಗೆ ಹೋಗಬೇಕು. ಓದುವವರು ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿದೆ ಎಂದು ಆಸ್ಪತ್ರೆಗೆ ಬಂದ ಹೆಂಗಸರು. ಹೆಚ್ಚಿನವರು 50 ದಾಟಿದವರು. ಕೆಲವರಿಗೆ ಮಗಳೋ ಸೊಸೆಯೋ ಓದಿ ಹೇಳಬೇಕು. ಅವರಿಂದ ರಕ್ತ, ಮೂತ್ರ, ಯೋನಿಯ ದ್ರವ ಮೂರನ್ನೂ ತೆಗೆದುಕೊಂಡು, ಒಳಪದರದ ಕ್ಯಾನ್ಸರನ್ನು ಅವುಗಳಿಂದಲೇ ತಿಳಿಯಲು ಆದೀತೇ ಎಂದು ನೋಡುವ ಅಧ್ಯಯನ ಇದು.

ಕರಡಿನಲ್ಲಿ ನಾನು ಬರೆದ ವಾಕ್ಯ: ‘ಶಾರೀರಿಕ ದ್ರವಗಳಲ್ಲಿನ ಆಣ್ವಿಕ ಜೈವಿಕ ಸೂಚಕಗಳ ಮೂಲಕ ಗರ್ಭಕೋಶದ ಕ್ಯಾನ್ಸರ್ ಪತ್ತೆ.’ ಎರಡನೇ ಪದ ದಾಟಿ ಇದನ್ನು ಯಾವ ತಾಯಿಯೂ ಓದುವುದಿಲ್ಲ. ಎಥಿಕ್ಸ್ ಕಮಿಟಿ ಹಿಂದನುವಾದವನ್ನೂ ಕೇಳುತ್ತದೆ. ಮೂಲ ನೋಡದ ಇನ್ನೊಬ್ಬರು ನನ್ನ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿದಾಗ ‘ಆಣ್ವಿಕ’ ಹೋಗಿ ‘ಅಟಾಮಿಕ್’ ಆಗಿ ಬಂತು, ‘ಸೂಚಕ’ ಹೋಗಿ ‘ಸಿಂಪ್ಟಮ್’ ಆಯಿತು.

ಬೇಕಿರುವುದು: ಬಯೋಮಾರ್ಕರ್‌ಗೆ (ರೋಗ ಇರಬಹುದು ಎಂದು ತೋರಿಸುವ, ಮೈಯಲ್ಲೇ ಸಿಗುವ ಅಂಶ) ಒಂದು ಮಾತು, ಮಾಲಿಕ್ಯುಲರ್ ಎಂಬುದಕ್ಕೆ ಒಂದು (ಅಥವಾ ಬಿಟ್ಟರೂ ನಡೆಯುತ್ತದೆ ಎಂಬ ಧೈರ್ಯ), ಮತ್ತು ಕೊಠಡಿಯ ಬಾಗಿಲಿಗೆ ಹಾಕುವ ಬೋರ್ಡು. ಈಗ ‘ಮಾದರಿ ಸಂಗ್ರಹಣಾ ಕೊಠಡಿ’ ಎಂದಿದೆ.


ಮೈಸೂರಿನಿಂದ

‘ಆಣ್ವಿಕ’ ವ್ಯಾಕರಣಕ್ಕೆ ನಿಲ್ಲುವುದಿಲ್ಲ. ಉಕಾರಾಂತಕ್ಕೆ ತದ್ಧಿತ ಬಂದಾಗ ಗುಣವಾಗಬೇಕು: ಮನುವಿನಿಂದ ಮಾನವ, ಅಣುವಿನಿಂದ ಆಣವ. ನಮ್ಮಲ್ಲಿ ‘ಆಣವಮಲ’ ಎಂಬ ಮಾತು ಶಾಸ್ತ್ರಗ್ರಂಥಗಳಲ್ಲಿ ಬಳಕೆಯಲ್ಲೇ ಇದೆ. ಯಣ್ ಸಂಧಿ ಮಾಡಿ ‘ಇಕ’ ಅಂಟಿಸಿದ್ದು ಪಠ್ಯಪುಸ್ತಕ ಬರೆದವರ ಅವಸರ. ‘ಆಣವ ಜೀವಸೂಚಕ’ ಎಂದು ಹಾಕಿ. ಸೂಚಕವನ್ನು ಬಿಡಬೇಡಿ, ಅದರಲ್ಲಿ ತಪ್ಪೇನಿಲ್ಲ.


ಮಂಗಳೂರಿನಿಂದ, ಪೆಥಾಲಜಿ ಲ್ಯಾಬ್

ಮೇಷ್ಟ್ರೇ, ರೂಪಸಿದ್ಧಿ ಸರಿ ಇರಬಹುದು. ಆದರೆ ಪತ್ರ ಓದುವವರಿಗೆ ‘ಅಣು’ ಅಂದರೆ ಕೈಗಾ. ಅಣುಸ್ಥಾವರ, ಅಣುಬಾಂಬು, ಅಣುವಿಕಿರಣ. ಶಾಲೆಯಲ್ಲಿ ಅಣು–ಪರಮಾಣು ಎಂದು ಎಷ್ಟೇ ಬೇರ್ಪಡಿಸಿ ಹೇಳಿಕೊಟ್ಟರೂ ಪತ್ರಿಕೆ, ರೇಡಿಯೋ ಎಲ್ಲವೂ ನ್ಯೂಕ್ಲಿಯರ್‌ಗೆ ಅಣು ಎಂದೇ ಬಳಸುತ್ತ ಬಂದಿವೆ. ಕ್ಯಾನ್ಸರ್ ಅನುಮಾನದಲ್ಲಿ ಬಂದವರ ಕೈಗೆ ‘ಆಣ್ವಿಕ ಪರೀಕ್ಷೆ’ ಎಂದು ಕೊಟ್ಟರೆ ಮೊದಲ ಪ್ರಶ್ನೆ ‘ಕರೆಂಟ್ ಇಡ್ತೀರಾ’ ಎಂದೇ ಬರುತ್ತದೆ. ರೇಡಿಯೇಷನ್ನಿಗೆ ಜನ ಹಾಗೇ ಹೇಳುವುದು. ಆಣವ ಎಂದರೂ ಅಷ್ಟೇ, ಆಣ್ವಿಕ ಎಂದರೂ ಅಷ್ಟೇ.

ಆ ಪದವನ್ನು ಬಿಟ್ಟರೆ ಏನೂ ಕಳೆದುಹೋಗುವುದಿಲ್ಲ. ಮೂಲದಲ್ಲಿ ಮಾಲಿಕ್ಯುಲರ್ ಎಂದಿರುವುದು, ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಆಕಾರ ನೋಡುವುದಿಲ್ಲ, ಪ್ರೋಟೀನು, ಡಿಎನ್ಎ, ಆರ್ಎನ್ಎ ನೋಡುತ್ತೇವೆ ಎನ್ನಲು. ಆ ಮೂರನ್ನು ಹೆಸರಿಸಿಬಿಡಿ. ಡಿಎನ್ಎ ಎಂಬ ಮಾತು ಈಗ ಊರೂರಲ್ಲಿ ಗೊತ್ತು.


ಧಾರವಾಡದಿಂದ

ಬಯೋಮಾರ್ಕರ್‌ಗೆ ಕನ್ನಡದಲ್ಲಿ ಸಾವಿರ ವರ್ಷದಿಂದ ಮಾತಿದೆ: ಕುರುಹು. ಹಳೆಯ ಬರವಣಿಗೆಯಲ್ಲಿ ಶಕಟರೇಫ ಹಾಕಿ ‘ಕುಱುಹು’. ತಮಿಳಿನ ಕುಱಿ, ತೆಲುಗಿನ ಗುರುತು, ನಮ್ಮ ಗುರಿ, ಗುರುತು, ಕುರುಹು ಎಲ್ಲ ಒಂದೇ ಬೇರಿನವು. ‘ಕಳ್ಳ ಒಂದು ಕುರುಹೂ ಬಿಡದೆ ಹೋದ’ ಅನ್ನುತ್ತೇವೆ. ಗಡ್ಡೆಯೂ ರಕ್ತದಲ್ಲಿ, ಮೂತ್ರದಲ್ಲಿ ಬಿಟ್ಟುಹೋಗುವುದು ಅದನ್ನೇ ಅಲ್ಲವೇ? ‘ಜೈವಿಕ’ ಎಂಬ ಬಾಲಂಗೋಚಿ ಯಾಕೆ? ಮೈಯೊಳಗಿನ ಕುರುಹು ಜೈವಿಕವಲ್ಲದೆ ಇನ್ನೇನಾದೀತು?

‘ಶಾರೀರಿಕ ದ್ರವ’ ಕಿತ್ತುಹಾಕಿ. ನೆತ್ತರು, ಉಚ್ಚೆ ಎಂದು ಬರೆಯಿರಿ. ಇಲ್ಲಿ ಸಂಸ್ಕೃತ ಯಾರಿಗೂ ಬೇಕಿಲ್ಲ.


ಮೈಸೂರಿನಿಂದ

‘ಜೀವಕುರುಹು’, ‘ರೋಗಕುರುಹು’ ಎಂದೆಲ್ಲ ನಾಳೆ ಸಮಾಸ ಕಟ್ಟುತ್ತೀರಿ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜ ಬೇಡವೆಂದದ್ದು ಇದನ್ನೇ. ಅಚ್ಚ ಕನ್ನಡ ಬೇಕೆನ್ನುವವರು ಕನ್ನಡದ ವ್ಯಾಕರಣವನ್ನಾದರೂ ಉಳಿಸಿಕೊಳ್ಳಿ. ‘ಉಚ್ಚೆ’ಯನ್ನು ಆಸ್ಪತ್ರೆಯ ಪತ್ರದಲ್ಲಿ ಅಚ್ಚು ಹಾಕಬೇಕೆನ್ನುವ ಸಲಹೆಗೆ ಉತ್ತರ ಕೊಡುವುದಿಲ್ಲ.


ಧಾರವಾಡದಿಂದ

ರಕ್ತಗುಂಪು. ಹೃದಯಬಡಿತ. ಎರಡೂ ಅರಿಸಮಾಸ, ಎರಡೂ ಪ್ರತಿ ಆಸ್ಪತ್ರೆಯ ಚೀಟಿಯಲ್ಲಿವೆ. ಕೇಶಿರಾಜನ ಕಾಲಕ್ಕೇ ಅದಕ್ಕೆ ವಿನಾಯಿತಿಗಳಿದ್ದವು. ಇಷ್ಟಕ್ಕೂ ನಾನು ಸಮಾಸ ಮಾಡಿಯೇ ಇಲ್ಲ, ಬರಿಯ ‘ಕುರುಹು’ ಎಂದೆ.


ಮಂಗಳೂರಿನಿಂದ, ಪೆಥಾಲಜಿ ಲ್ಯಾಬ್

ಕುರುಹು ನನಗೂ ಒಪ್ಪಿಗೆ. ಆದರೆ ವ್ಯುತ್ಪತ್ತಿಗಾಗಿ ಅಲ್ಲ, ಉಳಿದವೆಲ್ಲ ಒಂದಲ್ಲ ಒಂದು ಕಡೆ ಸುಳ್ಳು ಹೇಳುತ್ತವೆ ಎಂಬುದಕ್ಕಾಗಿ. ಒಂದೊಂದಾಗಿ ಬರೆಯುತ್ತೇನೆ.

‘ಸೂಚಕ’ ಪಠ್ಯಪುಸ್ತಕದಲ್ಲಿ ಆಗಲೇ ಬೇರೆ ಕೆಲಸದಲ್ಲಿದೆ. ಲಿಟ್ಮಸ್, ಫಿನಾಲ್ಫ್ಥಲೀನ್ ಇವು ಆಮ್ಲ–ಪ್ರತ್ಯಾಮ್ಲ ಸೂಚಕಗಳು. ಸೂಚಕ ಎಂದರೆ ಹೊರಗಿನಿಂದ ನಾವು ಹಾಕುವ ವಸ್ತು, ಅದು ಬಣ್ಣ ಬದಲಿಸಿ ಹೇಳುತ್ತದೆ. ಬಯೋಮಾರ್ಕರ್ ನಾವು ಹಾಕುವುದಲ್ಲ, ಮೈಯಲ್ಲೇ ಹುಟ್ಟುವುದು. ‘ನನ್ನ ಮೈಗೆ ಸೂಚಕ ಚುಚ್ಚುತ್ತಾರಾ’ ಎಂದು ಒಬ್ಬಾಕೆ ಕೇಳಿದರೆ ತಪ್ಪು ಆಕೆಯದಲ್ಲ.

‘ಜೈವಿಕ ಗುರುತು’ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಅದು ಇನ್ನೂ ಅಪಾಯ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವುದನ್ನೇ ಜನ ಅದರಲ್ಲಿ ಕಾಣುತ್ತಾರೆ. ನಿಮ್ಮ ಒಪ್ಪಿಗೆ ಪತ್ರದ ಕೊನೆಯಲ್ಲಿ ‘ನಿಮ್ಮ ಗುರುತನ್ನು ಯಾರಿಗೂ ತಿಳಿಸುವುದಿಲ್ಲ’ ಎಂಬ ಸಾಲು ಇದ್ದೇ ಇರುತ್ತದೆ. ಮೊದಲ ಪುಟದಲ್ಲಿ ‘ನಿಮ್ಮ ಜೈವಿಕ ಗುರುತುಗಳನ್ನು ಅಳೆಯುತ್ತೇವೆ’, ಎರಡನೇ ಪುಟದಲ್ಲಿ ‘ನಿಮ್ಮ ಗುರುತು ಗುಟ್ಟಾಗಿರುತ್ತದೆ’. ಒಂದೇ ಪದ, ಎರಡು ಅರ್ಥ, ಕೆಳಗೆ ಸಹಿ.

‘ಗುರುತುವಸ್ತು’, ‘ಗುರುತುಕಣ’ ಎಂದು ಬರೆದಿರುವುದನ್ನೂ ನೋಡಿದ್ದೇನೆ. ಎಲ್ಲ ಕುರುಹೂ ವಸ್ತುವಲ್ಲ. ಸಿಎ 125, ಎಚ್ಇ4 ಇವು ಪ್ರೋಟೀನು, ರಕ್ತದಲ್ಲಿ ಎಷ್ಟಿದೆ ಎಂದು ಅಳೆಯಬಹುದು. ಅಲ್ಲಿಗೆ ವಸ್ತು ಸರಿ. ಆದರೆ ಪಿಟೆನ್, ಪಿಐಕೆ3ಸಿಎ, ಟಿಪಿ53 ಜೀನ್‌ಗಳಲ್ಲಿ ನೋಡುವುದು ಅಕ್ಷರ ಬದಲಾಗಿದೆಯೇ ಎಂಬುದನ್ನು. ಅದು ವಸ್ತುವಲ್ಲ, ಬದಲಾವಣೆ. ಮಿಥೈಲೀಕರಣದಲ್ಲಿ ಅಕ್ಷರವೂ ಬದಲಾಗಿರುವುದಿಲ್ಲ. ಇದ್ದ ಅಕ್ಷರದ ಮೇಲೆ ಒಂದು ಸಣ್ಣ ರಾಸಾಯನಿಕ ಗುಂಪು ಕೂತಿರುತ್ತದೆ, ಅಷ್ಟರಿಂದಲೇ ಜೀನ್ ಬಾಯಿ ಮುಚ್ಚುತ್ತದೆ. ಪ್ರೋಟೀನಿನ ಅಳತೆ, ಜೀನಿನ ಬದಲಾವಣೆ, ಅದರ ಮೇಲಿನ ಗುಂಪು ಮೂರನ್ನೂ ತಬ್ಬಿಕೊಳ್ಳುವ ಮಾತು ‘ಕುರುಹು’ ಒಂದೇ.

‘ಮ್ಯುಟೇಶನ್’ ಎಂಬುದು ಪತ್ರದಲ್ಲಿದ್ದರೆ ‘ರೂಪಾಂತರ’ ಹಾಕಬೇಡಿ. ಕೊರೊನಾ ಬಂದು ಹೋದ ಮೇಲೆ ರೂಪಾಂತರಿ ಎಂದರೆ ವೈರಸ್ಸು. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುವುದು ಎಚ್‌ಪಿವಿ ವೈರಸ್ಸಿನಿಂದ ಎಂದು ಈಚೆಗೆ ಎಷ್ಟೋ ಹೆಂಗಸರಿಗೆ ತಿಳಿದಿದೆ. ಒಳಪದರದ ಕ್ಯಾನ್ಸರಿಗೂ ಆ ವೈರಸ್ಸಿಗೂ ಸಂಬಂಧವಿಲ್ಲ. ರೂಪಾಂತರ ಎಂಬ ಒಂದು ಪದ ಇಲ್ಲದ ಸೋಂಕನ್ನು ತಂದು ಕೂರಿಸುತ್ತದೆ, ಮನೆಯಲ್ಲಿ ಗಂಡ–ಹೆಂಡತಿಯ ನಡುವೆ ಮಾತು ಬೆಳೆಯುತ್ತದೆ. ‘ಜೀನ್‌ನಲ್ಲಾದ ಬದಲಾವಣೆ’ ಸಾಕು.


ಶಿವಮೊಗ್ಗದಿಂದ, ಸ್ತ್ರೀರೋಗ ವೈದ್ಯೆ

ನೀವೆಲ್ಲ ಬಯೋಮಾರ್ಕರ್ ಹಿಡಿದು ಕೂತಿದ್ದೀರಿ. ಆ ವಾಕ್ಯದಲ್ಲಿ ಅದಕ್ಕಿಂತ ಕೆಟ್ಟ ಎರಡು ಪದಗಳಿವೆ: ‘ಗರ್ಭಕೋಶದ ಕ್ಯಾನ್ಸರ್’ ಮತ್ತು ‘ಪತ್ತೆ’.

ನಮ್ಮಲ್ಲಿ ‘ಗರ್ಭಕೋಶದ ಕ್ಯಾನ್ಸರ್’ ಎಂದರೆ ಜನ ಕೊರಳಿನ ಕ್ಯಾನ್ಸರನ್ನೇ ತಿಳಿಯುತ್ತಾರೆ. ಭಾರತದಲ್ಲಿ ಹೆಚ್ಚು ಕಾಣುವುದು ಅದೇ, ಪ್ರಚಾರ ಇರುವುದೂ ಅದಕ್ಕೇ. ಪಾಶ್ಚಾತ್ಯ ದೇಶಗಳಲ್ಲಿ ಲೆಕ್ಕ ತಿರುವುಮುರುವು, ಒಳಪದರದ್ದೇ ಹೆಚ್ಚು. ಪತ್ರದಲ್ಲಿ ಒಂದು ಕಡೆಯೂ ತಪ್ಪದೆ ‘ಗರ್ಭಕೋಶದ ಒಳಪದರದ ಕ್ಯಾನ್ಸರ್’ ಎಂದೇ ಬರಲಿ. ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡು ‘ಏನೂ ಇಲ್ಲ’ ಎನಿಸಿಕೊಂಡವರು ಗರ್ಭಕೋಶದ ಕ್ಯಾನ್ಸರ್ ನನಗಿಲ್ಲ ಎಂದುಕೊಂಡು ರಕ್ತಸ್ರಾವವನ್ನು ತಿಂಗಳುಗಟ್ಟಲೆ ಬಿಡುತ್ತಾರೆ. ಆ ಪರೀಕ್ಷೆ ಮುಖ್ಯವಾಗಿ ಕೊರಳಿನದು.

ಇನ್ನು ‘ಪತ್ತೆ’. ಈ ಪರೀಕ್ಷೆ ಪತ್ತೆ ಮಾಡುವುದಿಲ್ಲ. ಇವತ್ತಿಗೂ ತೀರ್ಮಾನ ಹೇಳುವುದು ಬಯಾಪ್ಸಿ. ಒಳಗಿನಿಂದ ಸ್ಕ್ಯಾನ್ ಮಾಡಿ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪ ಕಂಡರೆ, ಅಥವಾ ರಕ್ತ ಮತ್ತೆ ಮತ್ತೆ ಹೋಗುತ್ತಿದ್ದರೆ, ಸಣ್ಣ ಕೊಳವೆ ಹಾಕಿ ಚೂರು ತೆಗೆದು ನೋಡಲೇಬೇಕು. ಮೂತ್ರದ ಕುರುಹು, ಸ್ರಾವದ ಕುರುಹು ಇವೆಲ್ಲ ಯಾರಿಗೆ ಆ ಚೂರು ತೆಗೆಯುವ ನೋವು ತಪ್ಪಿಸಬಹುದು, ಯಾರಿಗೆ ಬೇಗ ಮಾಡಬೇಕು ಎಂದು ಬೇರ್ಪಡಿಸುವುದಕ್ಕೆ. ಇದನ್ನು ಹೇಳುವ ಮಾತು ಜರಡಿ. ಜರಡಿ ಹಿಡಿದರೆ ಕಲ್ಲೂ ಸಿಗುತ್ತದೆ, ಕಲ್ಲಿನಂತೆ ಕಂಡ ಗಟ್ಟಿ ಕಾಳೂ ಮೇಲೆ ಉಳಿಯುತ್ತದೆ, ಒಂದೆರಡು ಸಣ್ಣ ಕಲ್ಲು ಕೆಳಗೂ ಇಳಿಯುತ್ತವೆ. ಅಕ್ಕಿ ಆರಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಕೊಡುತ್ತೇನೆ, ‘ಪತ್ತೆ’ ಯಾಕೆ ಬೇಡವೆಂದು ತಿಳಿಯಲಿ. ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಈ ಕ್ಯಾನ್ಸರ್ ಇರುವುದು ನೂರಕ್ಕೆ ಸುಮಾರು 9 ಜನರಿಗೆ. ಹಲವು ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಮ್ಯಾಂಚೆಸ್ಟರ್‌ನವರು 2021ರಲ್ಲಿ ಮೂತ್ರವನ್ನೂ ಯೋನಿಯ ದ್ರವವನ್ನೂ ಸೇರಿಸಿ ನೋಡಿದಾಗ, ರೋಗ ಇದ್ದವರಲ್ಲಿ 91.7 ಶೇಕಡ ಸಿಕ್ಕಿದರು, ಇಲ್ಲದವರಲ್ಲಿ 88.8 ಶೇಕಡಕ್ಕೆ ‘ಇಲ್ಲ’ ಎಂದೇ ಬಂತು. ಅವರು ನೋಡಿದ್ದು ಜೀವಕೋಶದ ಆಕಾರವನ್ನು, ಡಿಎನ್ಎಯನ್ನಲ್ಲ. ಆದರೂ ಲೆಕ್ಕದ ದಾರಿ ಒಂದೇ. ಸಾವಿರ ಹೆಂಗಸರನ್ನು ತೆಗೆದುಕೊಳ್ಳಿ. ರೋಗ ಇರುವ 90ರಲ್ಲಿ ಸುಮಾರು 83 ಜನ ಸಿಗುತ್ತಾರೆ, 7 ಜನ ಜಾರಿಹೋಗುತ್ತಾರೆ. ರೋಗ ಇಲ್ಲದ 910ರಲ್ಲಿ ಸುಮಾರು 102 ಜನರಿಗೆ ‘ಇರಬಹುದು’ ಎಂದು ಬರುತ್ತದೆ. ಹೌದು ಎನಿಸಿಕೊಂಡ 185 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ರೋಗವೇ ಇಲ್ಲ. ಇದಕ್ಕೆ ‘ಕ್ಯಾನ್ಸರ್ ಪತ್ತೆ’ ಎಂದು ಹೆಸರಿಟ್ಟರೆ ಆ 102 ಜನ ರಾತ್ರಿ ನಿದ್ದೆ ಮಾಡುವುದು ಹೇಗೆ?

‘ತಪ್ಪು ಧನಾತ್ಮಕ’ ಎಂದು ಬರೆಯಬೇಡಿ. ‘ಹುಸಿ ಪಾಸಿಟಿವ್’ ಅರ್ಥವಾಗುತ್ತದೆ, ಪಾಸಿಟಿವ್ ಈಗ ಕನ್ನಡವೇ.


ನ್ಯೂಜೆರ್ಸಿಯಿಂದ

ಎಲ್ಲ ಓದಿದೆ. ಕುರುಹು ಚೆನ್ನಾಗಿದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಡಾಕ್ಟರು ಬಾಯಲ್ಲಿ ‘ಟ್ಯೂಮರ್ ಮಾರ್ಕರ್’ ಎನ್ನುತ್ತಾರೆ, ರಿಪೋರ್ಟಿನಲ್ಲಿ ಅದೇ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಬಿಲ್ಲಿನಲ್ಲೂ ಅದೇ. ಪತ್ರದಲ್ಲಿ ಮಾತ್ರ ಕುರುಹು ಎಂದರೆ ಆಕೆ ಯಾವ ಪರೀಕ್ಷೆ ಎಂದು ಹುಡುಕುತ್ತಾಳೆ? ‘ಬಯೋಮಾರ್ಕರ್’ ಎಂದು ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋಗಿ. ಬಸ್ಸು, ಡಾಕ್ಟರು, ಬಿಪಿ, ಶುಗರ್ ಒಳಗೆ ಬಂದ ದಾರಿಯಲ್ಲೇ ಇದೂ ಬರುತ್ತದೆ. ಸಂಸ್ಕೃತದಿಂದ ತರುವುದಕ್ಕೆ ಇಲ್ಲದ ನಾಚಿಕೆ ಇಂಗ್ಲಿಷಿನಿಂದ ತರುವುದಕ್ಕೆ ಮಾತ್ರ ಯಾಕೆ?


ಧಾರವಾಡದಿಂದ

ಬಿಪಿ, ಶುಗರ್ ಬಂದವು, ನಿಜ. ಬಂದು ಏನಾಯಿತು? ‘ನನಗೆ ಬಿಪಿ ಇದೆ’ ಎನ್ನುವವರಿಗೆ ಅದು ಒತ್ತಡದ ಅಳತೆ, ಅದು ಎಲ್ಲರಿಗೂ ಇರುತ್ತದೆ ಎಂಬುದೇ ಗೊತ್ತಿಲ್ಲ. ಅಳತೆಯ ಹೆಸರು ರೋಗದ ಹೆಸರಾಯಿತು. ಬೇರು ತಿಳಿಯದ ಪದ ಬಂದರೆ ಹೀಗೇ ಆಗುವುದು. ನಾಳೆ ‘ನನಗೆ ಮಾರ್ಕರ್ ಇದೆ’ ಎನ್ನುತ್ತಾರೆ.

ಕುರುಹಿನಲ್ಲಿ ಹಾಗಾಗದು. ಇಷ್ಟಲಿಂಗವನ್ನು ‘ಅರಿವಿನ ಕುರುಹು’ ಎಂದು ಕರೆದ ನಾಡು ಇದು. ಕುರುಹೇ ಅರಿವಲ್ಲ, ಅರಿವಿನ ಕಡೆಗೆ ಕೈ ತೋರುವುದು ಎಂಬ ತಿಳಿವಳಿಕೆ ಪದದೊಳಗೇ ಕೂತಿದೆ. ವೈದ್ಯೆ ಮೇಡಂ ಹೇಳಿದ 102 ಜನರಿಗೆ ಬೇಕಾದ ಮಾತು ಇದೇ: ಕುರುಹು ಸಿಕ್ಕಿದೆ, ರೋಗ ಸಿಕ್ಕಿಲ್ಲ.

ಸಂಸ್ಕೃತಕ್ಕೂ ಇಂಗ್ಲಿಷಿಗೂ ನಾನು ಬೇರೆ ಬೇರೆ ನಾಚಿಕೆ ಇಟ್ಟುಕೊಂಡಿಲ್ಲ. ಕನ್ನಡದ ಬೇರುಗಳಿಂದಲೇ ಶಾಸ್ತ್ರದ ಪದ ಕಟ್ಟಬಹುದು ಎಂದು ಡಿ.ಎನ್. ಶಂಕರ ಬಟ್ಟರು ಎಷ್ಟೋ ವರ್ಷಗಳ ಹಿಂದೆ ವಾದಿಸಿದ್ದಾರೆ. ಕೇಳಿದವರು ಕಡಿಮೆ.


ಮೈಸೂರಿನಿಂದ

ಅದೇ ಸಾಲಿನಲ್ಲಿ ‘ತಪಾಸಣೆ’ ಮರಾಠಿ, ‘ಸಹಿ’ ಅರಬ್ಬಿ, ‘ನಮೂನೆ’ ಪಾರಸಿ. ಇವನ್ನೆಲ್ಲ ಬಿಟ್ಟು ಧಾರವಾಡದವರು ಒಪ್ಪಿಗೆ ಪತ್ರ ಬರೆದು ತೋರಿಸಲಿ. ಆದರೆ ಅರಿವು–ಕುರುಹಿನ ಮಾತು ಸರಿಯಾಗಿದೆ. ಅದನ್ನು ಒಪ್ಪುತ್ತೇನೆ. ‘ಸೂಚಕ’ಕ್ಕೆ ಕೊಟ್ಟ ಲಿಟ್ಮಸ್ ಕಾರಣವೂ ಸರಿ.


ಮಂಗಳೂರಿನಿಂದ, ಪೆಥಾಲಜಿ ಲ್ಯಾಬ್

ಸಾಲ ತಂದ ಪದಗಳ ಜಗಳ ಆಮೇಲೆ ನಡೆಯಲಿ. ಈ ಪತ್ರದಲ್ಲಿ ಸ್ಯಾಂಪಲ್ಲನ್ನೇ ಹಾಳು ಮಾಡುವ ಪದಗಳಿವೆ, ಅವನ್ನು ಇವತ್ತೇ ನೋಡಬೇಕು.

ಮೂತ್ರ. ಮೂಲದಲ್ಲಿ ‘ಫಸ್ಟ್ ವಾಯ್ಡ್’ ಎಂದಿದ್ದರೆ ಅದನ್ನು ‘ಬೆಳಗಿನ ಮೊದಲ ಮೂತ್ರ’ ಎಂದು ಮಾಡಿಬಿಡುತ್ತಾರೆ. ಅದು ಬೇರೆಯೇ. ಇಲ್ಲಿ ಬೇಕಿರುವುದು ಯಾವ ಹೊತ್ತಿನದಾದರೂ ಸರಿ, ಮೂತ್ರಧಾರೆಯ ಮೊದಲ ಭಾಗ, ಸುಮಾರು 20 ಎಂಎಲ್. ಗರ್ಭಕೋಶದಿಂದ, ಕೊರಳಿನಿಂದ ಇಳಿದು ಯೋನಿಯ ಬಾಯಿಯಲ್ಲಿ ನಿಂತಿರುವ ಜೀವಕೋಶಗಳನ್ನು, ಡಿಎನ್ಎಯನ್ನು ತೊಳೆದುಕೊಂಡು ಬರುವುದು ಆ ಮೊದಲ ಧಾರೆ. ಆದರೆ ಯೂರಿನ್ ಕಲ್ಚರ್‌ಗೆ ಕೊಟ್ಟು ರೂಢಿಯಾದ ಎಲ್ಲರಿಗೂ, ‘ಮೊದಲು ಸ್ವಲ್ಪ ಬಿಟ್ಟು, ತೊಳೆದುಕೊಂಡು, ನಡುವಿನದು ಹಿಡಿಯಿರಿ’ ಎಂದೇ ಹೇಳಿಕೊಟ್ಟಿರುತ್ತಾರೆ. ಸಿಸ್ಟರ್‌ಗಳೂ ಬಾಯಿಪಾಠದಂತೆ ಅದನ್ನೇ ಹೇಳುತ್ತಾರೆ. ಹಾಗೆ ಮಾಡಿದರೆ ನಮಗೆ ಬೇಕಾದದ್ದು ಟಾಯ್ಲೆಟ್ಟಿಗೆ ಹೋಗಿ, ಬೇಡದ್ದು ಡಬ್ಬಿಗೆ ಬರುತ್ತದೆ. ಹೀಗೆ ಬರೆಯಿರಿ: ‘ಮೂತ್ರ ಮಾಡಲು ಶುರು ಮಾಡಿದ ಕೂಡಲೇ ಬರುವುದನ್ನು ಈ ಡಬ್ಬಿಯಲ್ಲಿ ಹಿಡಿಯಿರಿ. ಮೊದಲು ತೊಳೆದುಕೊಳ್ಳಬೇಡಿ. ಗೆರೆ ಮುಟ್ಟಿದ ಮೇಲೆ ಡಬ್ಬಿ ಪಕ್ಕಕ್ಕಿಡಿ.’ ಡಬ್ಬಿಯೊಳಗೆ ಇಡಿಟಿಎ ಹಾಕಿರುತ್ತಾರೆ. ಮೂತ್ರದಲ್ಲಿ ಡಿಎನ್ಎಯನ್ನು ಕತ್ತರಿಸುವ ಕಿಣ್ವ ಇರುತ್ತದೆ, ಅದನ್ನು ತಡೆಯುವುದಕ್ಕೆ. ಆದ್ದರಿಂದ ‘ಡಬ್ಬಿಯಲ್ಲಿರುವ ನೀರನ್ನು ಚೆಲ್ಲಬೇಡಿ’ ಎಂಬ ಸಾಲು ಕಡ್ಡಾಯ. ಚೊಕ್ಕ ಮಾಡುತ್ತೇವೆಂದು ಚೆಲ್ಲುತ್ತಾರೆ.

ಸ್ವ್ಯಾಬ್. ‘ಹತ್ತಿಕಡ್ಡಿ’ ಬೇಡ. ಕಿವಿಗೆ ಹಾಕುವ ಕಡ್ಡಿ ಎಂದುಕೊಳ್ಳುತ್ತಾರೆ. ಅಲ್ಲದೆ ಈ ಕಡ್ಡಿಯ ತುದಿ ಹತ್ತಿಯದೂ ಅಲ್ಲ, ನೈಲಾನ್ ನೂಲಿನ ಕುಚ್ಚು. ಹತ್ತಿ ದ್ರವವನ್ನು ಹೀರಿ ಒಳಗೇ ಇಟ್ಟುಕೊಳ್ಳುತ್ತದೆ, ಕುಚ್ಚು ಬಿಟ್ಟುಕೊಡುತ್ತದೆ. ಕೊರೊನಾ ಕಾಲದಿಂದ ‘ಸ್ವ್ಯಾಬ್’ ಎಲ್ಲರಿಗೂ ಗೊತ್ತು, ‘ಸ್ವ್ಯಾಬ್ ಕಡ್ಡಿ’ ಎನ್ನಿ. ಒಳಗಿನ ಸ್ಕ್ಯಾನ್ ಮಾಡುವ ಮೊದಲೇ ಇದನ್ನು ತೆಗೆಯಬೇಕು, ಸ್ಕ್ಯಾನಿನ ಜೆಲ್ ಮೆತ್ತಿಕೊಂಡರೆ ಪಿಸಿಆರ್ (ಡಿಎನ್ಎಯನ್ನು ಹಲವು ಪಟ್ಟು ಹೆಚ್ಚಿಸಿ ನೋಡುವ ಪರೀಕ್ಷೆ) ಕೆಡುವುದುಂಟು. ಬಯಾಪ್ಸಿಯ ನಂತರ ತೆಗೆದರಂತೂ ಬೇಡವೇ ಬೇಡ, ಕೆರೆದು ಉದುರಿದ ಜೀವಕೋಶವೇ ಕಡ್ಡಿಗೆ ಬರುತ್ತದೆ. ಜೋರಾಗಿ ರಕ್ತ ಹೋಗುತ್ತಿರುವ ದಿನವೂ ಒಳ್ಳೆಯದಲ್ಲ. ಬಿಳಿ ರಕ್ತಕಣಗಳ ಡಿಎನ್ಎ ರಾಶಿಯಲ್ಲಿ ಗಡ್ಡೆಯದು ಮುಳುಗಿಹೋಗುತ್ತದೆ, ಕೆಂಪು ಕಣದ ಹೀಮ್ ಪಿಸಿಆರನ್ನೇ ತಡೆಯುತ್ತದೆ.

‘ಯೋನಿ ಸ್ರಾವ’ ಎಂದೂ ಬರೆಯಬೇಡಿ. ಸ್ರಾವ ಎಂದರೆ ಬಿಳಿ ಸೆರಗು ಎಂದು ತಿಳಿದು, ‘ನನಗೆ ಅದಿಲ್ಲ’ ಎಂದು ಪತ್ರ ವಾಪಸ್ ಕೊಟ್ಟಾರು. ಸ್ರಾವ ಇಲ್ಲದಿದ್ದರೂ ಒಳಗಿನ ಪಸೆ ಕಡ್ಡಿಗೆ ಸಿಗುತ್ತದೆ. ‘ಪಸೆ’ ನಮ್ಮ ಕಡೆ ಸಲೀಸು ಮಾತು. ಬೇರೆ ಜಿಲ್ಲೆಗಳಲ್ಲಿ ನಡೆಯದಿದ್ದರೆ ‘ಯೋನಿಯೊಳಗಿನ ದ್ರವ’.

ರಕ್ತ. ಇದು ರೋಗಿಗಲ್ಲ, ಸಿಬ್ಬಂದಿಗೆ. ಸೀರಂ, ಪ್ಲಾಸ್ಮಾ ಎರಡಕ್ಕೂ ‘ರಕ್ತರಸ’ ಎಂದು ಬರೆದರೆ ಕೆಟ್ಟಿತು. ಸಿಎ 125, ಎಚ್ಇ4ಗೆ ಸೀರಂ ಸರಿ, ರಕ್ತ ಹೆಪ್ಪುಗಟ್ಟಬೇಕು. ತೇಲಾಡುವ ಡಿಎನ್ಎಗೆ ಪ್ಲಾಸ್ಮಾನೇ ಬೇಕು. ಹೆಪ್ಪುಗಟ್ಟುವಾಗ ಬಿಳಿಕಣ ಒಡೆದು ಅದರ ಡಿಎನ್ಎ ಸುರಿಯುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಕೆಲವೇ ಗಂಟೆಗಳೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಬೇಕು. ಮೊದಲು 1,600 ಜಿಯಲ್ಲಿ (ಭೂಮಿಯ ಸೆಳೆತದ 1,600 ಪಟ್ಟು) 10 ನಿಮಿಷ, ಮೇಲಿನದನ್ನು ಬಿಳಿಕಣದ ಪದರ ಮುಟ್ಟದ ಹಾಗೆ ತೆಗೆದು 16,000 ಜಿಯಲ್ಲಿ ಮತ್ತೆ 10 ನಿಮಿಷ. ಹೆಪಾರಿನ್ ಟ್ಯೂಬ್ ಬೇಡ, ಪಿಸಿಆರ್‌ಗೆ ಅಡ್ಡಿ. ಸೀರಂ ಸೀರಂ ಎಂದೇ, ಪ್ಲಾಸ್ಮಾ ಪ್ಲಾಸ್ಮಾ ಎಂದೇ ಇರಲಿ. ಇಲ್ಲಿ ಕನ್ನಡ ಹುಡುಕಬೇಡಿ.

ಬೋರ್ಡಿಗೆ: ‘ಮಾದರಿ’ ನೋಡಿ ಜನ ಮಾದರಿ ಶಾಲೆ, ಮಾದರಿ ಗ್ರಾಮ ಎಂದುಕೊಳ್ಳುತ್ತಾರೆ. ‘ರಕ್ತ, ಮೂತ್ರ ಕೊಡುವ ಕೋಣೆ’ ಎಂದು ಹಾಕಿ. ಸ್ವ್ಯಾಬನ್ನು ಬಾಗಿಲ ಮೇಲೆ ಬರೆಯುವುದು ಬೇಡ, ಹೊರಗೆ ಕೂತ ಗಂಡಸರೆಲ್ಲ ಓದುತ್ತಾರೆ.


ಶಿವಮೊಗ್ಗದಿಂದ, ಸ್ತ್ರೀರೋಗ ವೈದ್ಯೆ

ಲ್ಯಾಬಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಿಎ 125 ಹೆಚ್ಚಾಗಲು ಕ್ಯಾನ್ಸರೇ ಬೇಕಿಲ್ಲ. ಎಂಡೋಮೆಟ್ರಿಯೋಸಿಸ್ (ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ ಗಡ್ಡೆ, ಕಿಬ್ಬೊಟ್ಟೆಯ ಸೋಂಕು, ಲಿವರ್ ತೊಂದರೆ ಯಾವುದರಲ್ಲೂ ಸಾಮಾನ್ಯ ಮಿತಿಯಾದ 35 ಯೂನಿಟ್ ದಾಟಬಹುದು. ಎಚ್ಇ4 ವಯಸ್ಸಾದಂತೆ ಏರುತ್ತದೆ, ಕಿಡ್ನಿ ಸೋತವರಲ್ಲಿ ಇನ್ನೂ ಏರುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ರೋಗ ಮೊದಲ ಹಂತದಲ್ಲಿರುವ ಬಹಳ ಜನರಲ್ಲಿ ಸಿಎ 125 ಏರಿಯೇ ಇರುವುದಿಲ್ಲ. ಹಾಗಾಗಿಯೇ ಸಂಶೋಧಕರು ರಕ್ತಕ್ಕಿಂತ ಗಡ್ಡೆಗೆ ಹತ್ತಿರದ ದ್ರವಗಳ ಕಡೆ ತಿರುಗಿದ್ದು. ಜಾನ್ಸ್ ಹಾಪ್ಕಿನ್ಸ್‌ನವರು 2018ರಲ್ಲಿ ಪ್ಯಾಪ್ ಬ್ರಷ್ಷಿನ ದ್ರವದಲ್ಲಿ 18 ಜೀನ್ ಮತ್ತು ಕ್ರೋಮೋಸೋಮ್ ಎಣಿಕೆಯ ಏರುಪೇರು ನೋಡಿದಾಗ ಈ ಕ್ಯಾನ್ಸರಿದ್ದ 382 ಹೆಂಗಸರಲ್ಲಿ 81 ಶೇಕಡ ಸಿಕ್ಕರು. ಗರ್ಭಕೋಶದ ಒಳಗೇ ಹೋಗುವ ಟಾವೋ ಬ್ರಷ್ಷಿನಲ್ಲಿ ಅದು 93 ಶೇಕಡಕ್ಕೆ ಏರಿತು. ಹತ್ತಿರ ಹೋದಷ್ಟೂ ಕುರುಹು ದಟ್ಟ.

ಪತ್ರದಲ್ಲಿ ಈ ಅಂಕಿ ಬೇಡ. ‘ಕುರುಹು ಕಾಣದಿದ್ದರೂ, ಮತ್ತೆ ರಕ್ತ ಹೋದರೆ ಕೂಡಲೇ ಬನ್ನಿ’ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ ಬರಲಿ. ಅದಿಲ್ಲದೆ ಪತ್ರ ಅಚ್ಚಾಗಬಾರದು.


ಮೈಸೂರಿನಿಂದ

ಒಂದು ಮಾತು, ಪದರಕ್ಕಿಂತ ‘ಪೊರೆ’ ಒಳ್ಳೆಯದು. ಹಾವು ಪೊರೆ ಕಳಚುತ್ತದೆ, ಗರ್ಭಕೋಶವೂ ತಿಂಗಳು ತಿಂಗಳು ಕಳಚುತ್ತದೆ. ಪದರ ಕಳಚುವುದಿಲ್ಲ. ‘ಒಳಪೊರೆ’ ಎಂದರೆ ಅಂಗದ ಕೆಲಸವೇ ಹೆಸರಿನಲ್ಲಿ ಬರುತ್ತದೆ.


ಶಿವಮೊಗ್ಗದಿಂದ, ಸ್ತ್ರೀರೋಗ ವೈದ್ಯೆ

ಸೊಗಸಾಗಿದೆ, ಆದರೆ ಈ ವಯಸ್ಸಿನವರಿಗೆ ಪೊರೆ ಎಂದರೆ ಕಣ್ಣಿನ ಪೊರೆ. ಸ್ಕ್ಯಾನ್ ಮಾಡಿದವರು ‘ಒಳಪದರ ದಪ್ಪ ಆಗಿದೆ’ ಎಂದೇ ಹೇಳಿ ಕಳಿಸಿರುತ್ತಾರೆ. ಅದೇ ಇರಲಿ.


ಬೆಂಗಳೂರಿನಿಂದ, ಅನುವಾದಕಿ

ಎಲ್ಲರಿಗೂ ತುಂಬ ಋಣಿ. ಈಗ ಹೀಗೆ ನಿಂತಿದೆ, ಅಚ್ಚಿಗೆ ಕೊಡುವ ಮೊದಲು ಒಮ್ಮೆ ನೋಡಿ:

‘ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡವರಲ್ಲಿ ಕೆಲವರಿಗೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇರಬಹುದು. ಹೆಚ್ಚಿನವರಿಗೆ ಇರುವುದಿಲ್ಲ. ಕ್ಯಾನ್ಸರ್ ಇದ್ದರೆ ಅದರ ಕುರುಹುಗಳು ರಕ್ತದಲ್ಲಿ, ಮೂತ್ರದಲ್ಲಿ, ಯೋನಿಯೊಳಗಿನ ದ್ರವದಲ್ಲಿ ಸಿಗಬಹುದು. ಇವನ್ನು ಡಾಕ್ಟರುಗಳು ಬಯೋಮಾರ್ಕರ್ ಎಂದು ಕರೆಯುತ್ತಾರೆ. ನೀವು ಕೊಡುವ ಸ್ಯಾಂಪಲ್‌ನಲ್ಲಿರುವ ಪ್ರೋಟೀನು ಮತ್ತು ಡಿಎನ್ಎಯಲ್ಲಿ ಅಂಥ ಕುರುಹು ಇದೆಯೇ ಎಂದು ನೋಡುತ್ತೇವೆ. ಕುರುಹು ಸಿಕ್ಕರೆ ಕ್ಯಾನ್ಸರ್ ಇದೆ ಎಂದು ಅರ್ಥವಲ್ಲ, ಸಿಗದಿದ್ದರೆ ಇಲ್ಲ ಎಂದೂ ಅರ್ಥವಲ್ಲ. ನಿಮಗೆ ಮಾಡಬೇಕಾದ ಸ್ಕ್ಯಾನ್ ಮತ್ತು ಬಯಾಪ್ಸಿ ಎಂದಿನಂತೆ ನಡೆಯುತ್ತವೆ. ಕುರುಹು ಕಾಣದಿದ್ದರೂ, ಮತ್ತೆ ರಕ್ತ ಹೋದರೆ ಕೂಡಲೇ ಬನ್ನಿ.’

ಹಿಂದನುವಾದ ಮಾಡುವವರಿಗೆ ಈಗಷ್ಟೇ ಕಳಿಸಿದೆ. ಕುರುಹು ‘ಟ್ರೇಸ್’ ಆಗಿ ಬಂತು. ಕಮಿಟಿಗೆ ಒಂದು ಸಾಲಿನ ವಿವರಣೆ ಸಾಕಾಗುತ್ತದೆ.


ಧಾರವಾಡದಿಂದ

‘ಬಯೋಮಾರ್ಕರ್ ಎಂದು ಕರೆಯುತ್ತಾರೆ’ ಎಂಬುದು ಬೇಡವಾಗಿತ್ತು. ರಿಪೋರ್ಟಿನ ಕಾರಣಕ್ಕೆ ಒಪ್ಪಿದೆ. ಒಮ್ಮೆ ಬಂದಿದೆ, ಇನ್ನೊಮ್ಮೆ ಬರದಿರಲಿ.


ಮಂಗಳೂರಿನಿಂದ, ಪೆಥಾಲಜಿ ಲ್ಯಾಬ್

ಚೆನ್ನಾಗಿದೆ. ‘ಎಂದಿನಂತೆ’ ತೆಗೆಯಿರಿ ಮೇಡಂ. ಈ ಹೆಂಗಸರಿಗೆ ಬಯಾಪ್ಸಿ ಎಂದಿನದಲ್ಲ, ಮೊದಲ ಸಲ. ‘ಈ ಅಧ್ಯಯನಕ್ಕೆ ಸೇರಿದರೂ ಸೇರದಿದ್ದರೂ ನಡೆಯುತ್ತವೆ’ ಎಂದು ಬರೆಯಿರಿ. ಮೂತ್ರದ ಡಬ್ಬಿಯ ಚೀಟಿಯನ್ನು ಬೇರೆಯಾಗಿ ಕಳಿಸಿ, ಅದರಲ್ಲಿ ‘ಶುರು ಮಾಡಿದ ಕೂಡಲೇ’ ಎಂಬುದು ಮೊದಲ ಸಾಲಿನಲ್ಲೇ ಇದೆಯೇ ಎಂದು ನೋಡಿ ಹೇಳುತ್ತೇನೆ.